ಅಕ್ಕನ ಚಪ್ಪಲಿ ಹುಡುಕುತ್ತಾ: ಮಗುವಿನ ದುಃಖವನ್ನು ಪದ್ಯ ಕಾದಂಬರಿಯಾಗಿ ಬರೆಯುವ ಬಗೆ

ನಮ್ಮ ಗಂಗಾವತಿ ಸೀಮೆಯಲ್ಲಿ ಸಾವಾದ ಮನೆಯ ಅಂಗಳದಲ್ಲಿ ಹೆಣ್ಣುಮಕ್ಕಳು ಬರೀ ಅಳುವುದಿಲ್ಲ, ಹಾಡ್ಯಾಡಿ ಅಳುತ್ತಾರೆ. ಸತ್ತವರು ಉಂಡ ತಾಟು, ಉಟ್ಟ ಬಟ್ಟೆ, ಕಡೆಯ ಸಲ ಆಡಿದ ಮಾತು ಒಂದೊಂದನ್ನೇ ಎತ್ತಿ, ರಾಗ ಎಳೆದು ಅಳುತ್ತಾರೆ. ನನ್ನ ಅಕ್ಕ ಜ್ವರದಲ್ಲಿ ತೀರಿಕೊಂಡಾಗ ನನಗೆ ಒಂಬತ್ತು ವರ್ಷ, ಅವಳಿಗೆ ಹನ್ನೆರಡು. ಅಜ್ಜಿ ಹಾಡಿದಳು, ಅವ್ವ ಹಾಡಿದಳು, ಓಣಿಯವರು ದನಿಗೂಡಿಸಿದರು. ನಾನು ಬಣವಿಯ ಮಗ್ಗುಲಿಗೆ ನಿಂತು, ಬಾಗಿಲ ಮುಂದೆ ಬಿದ್ದಿದ್ದ ಮಂದಿಯ ಚಪ್ಪಲಿಗಳ ರಾಶಿಯಲ್ಲಿ ಅಕ್ಕನ ನೀಲಿ ಚಪ್ಪಲಿ ಹುಡುಕುತ್ತಿದ್ದೆ. ಸಿಗಲಿಲ್ಲ. ಯಾರನ್ನೂ ಕೇಳಲಿಲ್ಲ. ದೊಡ್ಡವರಿಗೆ ಅಳಲು ಒಂದು ಹಾಡಿತ್ತು, ನನಗೆ ಇರಲಿಲ್ಲ.

ಹರೆಯದ ಮಕ್ಕಳಿಗಾಗಿ ಪದ್ಯ ಕಾದಂಬರಿ ಬರೆಯಲು ನಾನು ಕೂತದ್ದು ಆ ಕೊರತೆಯಿಂದ. ಪದ್ಯ ಕಾದಂಬರಿ ಎಂದರೆ ಒಂದೇ ಕಥೆಯನ್ನು ಸಣ್ಣ ಸಣ್ಣ ಬಿಡಿ ಪದ್ಯಗಳಲ್ಲಿ ಹೇಳುತ್ತಾ ಹೋಗುವುದು. ಒಂದೊಂದು ಪದ್ಯಕ್ಕೂ ಒಂದು ತಲೆಬರಹ, ಹೆಚ್ಚೆಂದರೆ ಒಂದೂವರೆ ಪುಟ, ಹೇಳುವವರು ಬಹುಪಾಲು ಒಬ್ಬರೇ. ಕಥೆಯನ್ನು ಪದ್ಯದಲ್ಲಿ ಹೇಳುವುದು ನಮಗೆ ಹೊಸದಲ್ಲ. 2021ರವರೆಗೆ ಬಳ್ಳಾರಿ ಜಿಲ್ಲೆಯಲ್ಲೇ ಇದ್ದ ಹಂಪಿಯಲ್ಲಿ ಹರಿಹರ ಶರಣರ ಕಥೆಗಳನ್ನು ರಗಳೆಯಲ್ಲಿ ಹೇಳಿದ. ಅವನ ಸೋದರಳಿಯ ರಾಘವಾಂಕ ಹರಿಶ್ಚಂದ್ರನ ಕಥೆಯನ್ನು ಷಟ್ಪದಿಯಲ್ಲಿ ಹೇಳಿದ. ಹಾವು ಕಚ್ಚಿ ಸತ್ತ ಲೋಹಿತಾಶ್ವನನ್ನು ಸುಡುಗಾಡಿಗೆ ಹೊತ್ತು ತಂದ ಚಂದ್ರಮತಿಯ ಅಳು ಇಂದಿಗೂ ಎದೆ ಹಿಂಡುತ್ತದೆ. ಆದರೆ ಗಮನಿಸಿ: ಅಲ್ಲಿ ಅಳುವವಳು ತಾಯಿ. ಲೋಹಿತಾಶ್ವನಿಗೆ ಒಬ್ಬ ತಂಗಿ ಇದ್ದಿದ್ದರೆ ಅವಳು ಏನನ್ನುತ್ತಿದ್ದಳು? ಆ ತಂಗಿಯ ದನಿಯಲ್ಲಿ ಬರೆಯುವುದು ನಮ್ಮ ಕೆಲಸ. ನಾನು ಕಲಿತದ್ದನ್ನು ಕಲಿತ ಕ್ರಮದಲ್ಲೇ ಹೇಳುತ್ತೇನೆ.

ಮೊದಲು ವಯಸ್ಸು ಗೊತ್ತುಮಾಡಿಕೊಳ್ಳಿ

ಯಾರು ಸತ್ತರು ಎಂಬುದಕ್ಕಿಂತ ಮೊದಲು, ಹೇಳುವ ಮಗುವಿಗೆ ಆಗ ಎಷ್ಟು ವಯಸ್ಸು, ಈಗ ಎಷ್ಟು ಎಂದು ಬರೆದಿಟ್ಟುಕೊಳ್ಳಿ. ಐದರ ಮಗುವಿಗೆ ಸಾವು ಎಂದರೆ ಹೋಗಿ ಬರುವುದು. ಮಣ್ಣು ಮಾಡಿ ಬಂದ ಸಂಜೆಯೇ ‘ಅಪ್ಪ ಊಟಕ್ಕ ಯಾವಾಗ ಬರ್ತಾನ’ ಎಂದು ಕೇಳುತ್ತದೆ. ಎಂಟು ಒಂಬತ್ತರ ಹೊತ್ತಿಗೆ ಹೋದವರು ಮರಳುವುದಿಲ್ಲ, ಎಲ್ಲರೂ ಒಂದು ದಿನ ಹೋಗುವವರೇ ಎಂಬುದು ಹೆಚ್ಚಿನ ಮಕ್ಕಳಿಗೆ ತಿಳಿದಿರುತ್ತದೆ. ತಿಳಿದಿರುವುದರಿಂದಲೇ ಹೆದರಿಕೆ ಶುರುವಾಗುತ್ತದೆ: ಅಕ್ಕ ಹೋದಳು, ಇನ್ನು ಅವ್ವ? ಹದಿಮೂರರಲ್ಲಿ ಅದೇ ಮಗು ಎಲ್ಲವನ್ನೂ ಬಚ್ಚಿಡುತ್ತದೆ, ಗೆಳೆಯರೆದುರು ಬೇರೆಯಾಗಿ ಕಾಣಬಾರದೆಂದು.

ನಾನು ಸೂಚಿಸುವುದು ಇದು: ಸಾವು ಎಂಟು ಒಂಬತ್ತರಲ್ಲಿ ಆಗಿರಲಿ, ಹೇಳುವುದು ಹದಿಮೂರರಲ್ಲಿ ಆಗಲಿ. ಮಕ್ಕಳ ದುಃಖ ಒಮ್ಮೆ ಬಂದು ಮುಗಿಯುವುದಿಲ್ಲ. ಬುದ್ಧಿ ಬೆಳೆದಂತೆ ಅದೇ ಸಾವನ್ನು ಅವರು ಮತ್ತೆ ಹೊಸದಾಗಿ ಅನುಭವಿಸುತ್ತಾರೆ. ಒಂಬತ್ತರಲ್ಲಿ ಕಂಡದ್ದು, ಹದಿಮೂರರಲ್ಲಿ ಅರ್ಥವಾದದ್ದು, ಈ ಎರಡರ ನಡುವಿನ ಜಾಗದಲ್ಲಿ ನಿಮ್ಮ ಕಾದಂಬರಿ ನಿಲ್ಲುತ್ತದೆ.

ಸ್ವಂತದ್ದಾದರೆ ಒಂದೆರಡು ಸಂಗತಿ ಬದಲಿಸಿ

ನನ್ನ ಹಸ್ತಪ್ರತಿಯಲ್ಲಿ ಅಕ್ಕ ತಮ್ಮನಾದಳು, ಜ್ವರ ಕಾಲುವೆಯಾಯಿತು, ಹೇಳುವವಳು ಹುಡುಗಿಯಾದಳು. ಮೊದಲ ಸಲ ಇದ್ದದ್ದನ್ನು ಇದ್ದಂತೆ ಬರೆಯಹೋಗಿ ಹನ್ನೊಂದು ಪದ್ಯಕ್ಕೆ ಕೈ ನಿಂತಿತು. ಬದಲಿಸಿದ ಮೇಲೆ ಆ ಹುಡುಗಿ ನನಗಿಂತ ಧೈರ್ಯವಾಗಿ ಮಾತಾಡಿದಳು. ನನ್ನ ಮನೆಯವರ ಗುಟ್ಟೂ ಕಾಪಾಡಿದಂತಾಯಿತು.

ಭಾವನೆ ಬೇಡ, ಸಾಮಾನು ಕೂಡಿಸಿ

ಒಂದು ನೋಟ್‌ಬುಕ್ ತೆಗೆದುಕೊಂಡು ಆ ದಿನದ ವಸ್ತುಗಳನ್ನಷ್ಟೇ ಬರೆಯಿರಿ. ‘ದುಃಖ’, ‘ಶೂನ್ಯ’, ‘ಕತ್ತಲು’ ಎಂಬ ಮಾತುಗಳು ಬಂದರೆ ಹೊಡೆದುಹಾಕಿ. ಒಲೆ ಹಚ್ಚದ ಮನೆಗೆ ಪಕ್ಕದ ಮನೆಯವರು ತಂದುಕೊಟ್ಟ ರೊಟ್ಟಿಯ ಬುಟ್ಟಿ ಮತ್ತು ಅದರ ಮೇಲಿನ ಬಟ್ಟೆಯ ಬಣ್ಣ. ಯಾರೋ ಕೈಗೆ ಹತ್ತು ರೂಪಾಯಿ ಕೊಟ್ಟು ‘ಅಂಗಡಿಗೆ ಹೋಗಿ ಆಡಿಕೋ’ ಎಂದದ್ದು. ಸೈಕಲ್ ಸೀಟಿನ ಮೇಲೆ ಕೂತ ಬೆಕ್ಕು. ಹಾಜರಿ ಪುಸ್ತಕದಲ್ಲಿ ಆ ಹೆಸರು ಬಂದಾಗ ಮೇಷ್ಟ್ರು ತಡೆದ ಉಸಿರು.

ಸಾವಿನ ವಿಧಿಗಳನ್ನು ಮಗುವಿನ ಎತ್ತರದಿಂದ ನೋಡಿ. ದೊಡ್ಡವರ ಸೊಂಟದ ನಡುವಿಂದ ಇಣುಕುವ ಕಣ್ಣಿಗೆ ಕಂಡಷ್ಟೇ ಬರೆಯಿರಿ. ಲಿಂಗಾಯತರಲ್ಲಿ ಸತ್ತವರನ್ನು ಕೂರಿಸಿ, ವಿಭೂತಿ ಬಿಲ್ವಪತ್ರೆ ಹಾಕಿ ಮಣ್ಣು ಮಾಡುತ್ತಾರೆ. ಇದು ವಿಧಿಯ ವಿವರ. ನನ್ನ ಹುಡುಗಿಗೆ ಅದು ಹೀಗೆ ಕಂಡಿತು:

ಕುಂದ್ರಿಸಿ ಬಂದಾರಂತ.
ರಾತ್ರಿಯೆಲ್ಲ ಕುಂತರ
ಕಾಲು ಜೋಮು ಹಿಡಿಯಂಗಿಲ್ಲೇನು?

ಇಂಥ ಪ್ರಶ್ನೆ ಒಂದು ಸಿಕ್ಕರೆ ಸಾಕು, ಆ ಪದ್ಯ ಅಲ್ಲಿಗೆ ಮುಗಿಯಿತು. ಉತ್ತರ ಸೇರಿಸಬೇಡಿ. ವಿಧಿಗಳು ಜಾತಿಗೊಂದು, ಓಣಿಗೊಂದು ಬೇರೆ ಇರುತ್ತವೆ. ನಿಮ್ಮ ಕಥೆಯ ಮನೆ ಯಾವುದೋ ಆ ಮನೆಯ ಹಿರಿಯರ ಬಳಿ ಕೂತು ಕೇಳಿ. ಗಂಡಸರಿಗಿಂತ ಮುದುಕಿಯರಿಗೆ ಹೆಚ್ಚು ನೆನಪಿರುತ್ತದೆ.

ದೊಡ್ಡವರು ಮಕ್ಕಳಿಗೆ ಹೇಳಿದ ಸುಳ್ಳುಗಳನ್ನು ಬೇರೆ ಹಾಳೆಯಲ್ಲಿ ಬರೆದಿಡಿ. ‘ಮಲಗ್ಯಾನ’, ‘ದೇವರು ಕರಕೊಂಡ’, ‘ಊರಿಗೆ ಹೋಗ್ಯಾನ’. ಹೇಳುವವರದು ಪ್ರೀತಿಯೇ. ಆದರೆ ಮಗು ಮಾತನ್ನು ಅಕ್ಷರಶಃ ಹಿಡಿಯುತ್ತದೆ. ಮಲಗಲು ಹೆದರುತ್ತದೆ, ದೇವರ ಮೇಲೆ ಸಿಟ್ಟಾಗುತ್ತದೆ.

ಅಪ್ಪ ಹೇಳಿದ:
ತಮ್ಮ ಊರಿಗೆ ಹೋಗ್ಯಾನ.

ಯಾವ ಊರು?
ಬಸ್ಸಿಗೆ ಬೋರ್ಡು ಇರತೈತಲ್ಲ.

ಆ ಬೈಗುಳದ ಪದ್ಯ

ಇದೊಂದನ್ನು ಬಿಟ್ಟರೆ ನಿಮ್ಮ ಕಾದಂಬರಿ ಅರ್ಧವೇ. ನಮ್ಮ ಕಡೆ ಮಕ್ಕಳು ಜಗಳಾಡುವಾಗ ‘ನಿನ್ನ ಹೆಣಾ ಎತ್ಲಿ’ ಎನ್ನುವುದು ದಿನದ ಮಾತು. ಅವ್ವಂದಿರೂ ಬೈಯುತ್ತಾರೆ, ಬೈದು ಅದೇ ಬಾಯಲ್ಲಿ ಉಣ್ಣಲು ಕರೆಯುತ್ತಾರೆ. ಆದರೆ ಬೈದ ಮರುವಾರ ತಮ್ಮನ ಹೆಣ ನಿಜವಾಗಿಯೂ ಎತ್ತಿದರೆ? ಎಂಟು ಒಂಬತ್ತರ ಮಗು ತನ್ನ ಮಾತೇ ಕೊಂದಿತು ಎಂದು ನಂಬುತ್ತದೆ. ಯಾರಿಗೂ ಹೇಳುವುದಿಲ್ಲ. ಹೊಟ್ಟೆನೋವು ಎನ್ನುತ್ತದೆ, ರಾತ್ರಿ ಹಾಸಿಗೆ ಒದ್ದೆ ಮಾಡಿಕೊಳ್ಳುತ್ತದೆ, ಶಾಲೆಗೆ ಹೋಗುವುದಿಲ್ಲ ಎಂದು ಹಟ ಹಿಡಿಯುತ್ತದೆ. ಡಾಕ್ಟರು ಗುಳಿಗೆ ಕೊಡುತ್ತಾರೆ. ವರ್ಷಗಟ್ಟಲೆ ಒಬ್ಬಂಟಿಯಾಗಿ ಈ ಭಾರ ಹೊತ್ತ ಮಕ್ಕಳಿದ್ದಾರೆ. ನಾನೂ ಹೊತ್ತಿದ್ದೆ.

ಹಾಗಾಗಿ ಈ ತಪ್ಪಿತಸ್ಥ ಭಾವವನ್ನು ಕಥೆಯ ಆರಂಭದಲ್ಲೇ ಬಿತ್ತಿ, ಅರ್ಧ ದಾಟಿದ ಮೇಲೆ ಹೊರತೆಗೆಯಿರಿ. ಹೊರಬಂದಾಗ ಕಥೆಯೊಳಗಿನ ಒಬ್ಬರಾದರೂ ಅದಕ್ಕೆ ಬಿಚ್ಚು ಮಾತಿನಲ್ಲಿ ಉತ್ತರ ಕೊಡಬೇಕು. ಇಲ್ಲಿ ಮಾತ್ರ ಮೌನ ಸಲ್ಲದು, ಏಕೆಂದರೆ ಪುಸ್ತಕ ಹಿಡಿದು ಕೂತ ಓದುಗನೇ ಆ ಮಗು ಆಗಿರಬಹುದು. ನನ್ನಲ್ಲಿ ಆ ಉತ್ತರ ಕೊಡುವವರು ಅಕ್ಕಿ ಗಿರಣಿಯ ಹಮಾಲಿ ಕಾಕಾ (ಮುಕಾದಮ ಎಂದರೆ ಹಮಾಲರ ಮೇಲಿನ ಮೇಸ್ತ್ರಿ):

ಬೈಗುಳದಿಂದ ಯಾರೂ ಸಾಯಂಗಿಲ್ಲವ್ವಾ.
ಸತ್ತಿದ್ರ ನಮ್ಮ ಮುಕಾದಮ
ಎಂದೋ ಸಾಯಬೇಕಿತ್ತು.
ಅಂವ ಕಾಲು ಜಾರಿ ಬಿದ್ದ. ನೀರು ಜೋರಿತ್ತು.
ಅಷ್ಟ.

ಯಾರ ಬಾಯಿಗೆ ಯಾವ ಲಯ

ಪದ್ಯ ಕಾದಂಬರಿ ಬರೆಯುವವರು ಎಲ್ಲವನ್ನೂ ಮುರಿದ ಗದ್ಯದಂತೆ ಸಾಲು ಕತ್ತರಿಸಿ ಇಡುವುದು ದೊಡ್ಡ ತಪ್ಪು. ಸಾಲು ಎಲ್ಲಿ ಮುರಿಯಿತೋ ಅಲ್ಲಿ ಉಸಿರು ನಿಲ್ಲಲು ಒಂದು ಕಾರಣ ಬೇಕು. ನನಗೆ ನೆರವಾದ ಉಪಾಯ, ಒಬ್ಬೊಬ್ಬರಿಗೆ ಒಂದೊಂದು ಲಯ ಹಂಚಿಕೊಡುವುದು.

ಅಜ್ಜಿಗೆ ತ್ರಿಪದಿ ಕೊಟ್ಟೆ. ಬೀಸುವ ಕಲ್ಲಿನ ಮುಂದೆ ಕಲಿತ ಲಯವನ್ನೇ ಅವಳು ಹೆಣದ ಮುಂದೆಯೂ ಹಾಡುತ್ತಾಳೆ. ಮೂರು ಸಾಲು, ಸಾಲಿನ ಎರಡನೆಯ ಅಕ್ಷರಕ್ಕೆ ಪ್ರಾಸ, ಎರಡನೆಯ ಸಾಲಿನ ಕೊನೆಯ ಮಾತು ಮೂರನೆಯದಕ್ಕೆ ಜಿಗಿಯುವ ತಿರುವು:

ಕಾಲುವಿ ನೀರಾಗ ಕಾಲಿಟ್ಟು ಹೋದ್ಯಲ್ಲೊ
ಬಾಲಯ್ಯ ನಿನ್ನ ಬುತ್ತಿ ಬಿಚ್ಚಿಲ್ಲ | ಗೂಡಿನ
ಮ್ಯಾಲಿಟ್ಟ ರೊಟ್ಟಿ ಒಣಗ್ಯಾವ

ಮೊಹರಂ ಬಂದಾಗ ಊರಿನ ಗಂಡಸರಿಗೆ ರಿವಾಯತ್ ಪದದ ಧಾಟಿ. ನಮ್ಮ ಕೊಪ್ಪಳ, ರಾಯಚೂರು, ಬಳ್ಳಾರಿ ಮೂರೂ ಜಿಲ್ಲೆಗಳಲ್ಲಿ ಬೆಂಕಿ ಹಾಕುವ ಅಲಾಯಿ ಕುಣಿಯ ಸುತ್ತ ಹೆಜ್ಜೆ ಹಾಕುತ್ತಾ, ಪ್ರವಾದಿಯ ಮೊಮ್ಮಗ ಹುಸೇನರು ತಮ್ಮವರೊಂದಿಗೆ ಮಡಿದ ಕರ್ಬಲಾದ ಕಥೆಯನ್ನು ಕನ್ನಡದಲ್ಲಿ ಹಾಡುತ್ತಾರೆ. ಲಿಂಗಸುಗೂರು ತಾಲೂಕಿನ ಮುದಗಲ್ಲಿನ ಮೊಹರಂ ನೋಡಲು ದೂರದೂರದ ಜನ ಬರುತ್ತಾರೆ. ಒಬ್ಬ ಎತ್ತಿಕೊಡುತ್ತಾನೆ, ಮೇಳ ಪಲ್ಲವಿ ತಿರುಗಿಸುತ್ತದೆ. ಜಾತಿ ಮತ ನೋಡದೆ ಇಡೀ ಊರು ಬಹಿರಂಗವಾಗಿ ಶೋಕಿಸುವ ದಿನಗಳು ಅವು. ಗಂಡುಹುಡುಗ ಅತ್ತರೆ ‘ಗಂಡಸಾಗಿ ಅಳ್ತಿಯೇನಲೇ’ ಎನ್ನುವ ಊರಿನಲ್ಲೇ, ಮೀಸೆ ಬಂದ ಗಂಡಸರು ನೀರಿಲ್ಲದೆ ಬಾಯಾರಿದ ಕರ್ಬಲಾದ ಮಕ್ಕಳಿಗಾಗಿ ಕಣ್ಣೀರಿಡುತ್ತಾರೆ. ನನ್ನ ಹುಡುಗಿ ತನ್ನ ಅಪ್ಪ ಅಳುವುದನ್ನು ಮೊದಲ ಸಲ ನೋಡುವುದು ಅಲ್ಲಿ. ನೀರಲ್ಲಿ ಹೋದ ಮಗನ ಅಪ್ಪ, ನೀರಿಲ್ಲದೆ ಸತ್ತ ಮಕ್ಕಳ ಪದ ಕೇಳಿ ಅಳುತ್ತಾನೆ. ನಾನು ಅದಕ್ಕೆ ಒಂದು ಮಾತೂ ವಿವರಣೆ ಬರೆಯಲಿಲ್ಲ.

ಓಡುವ ಕಡೆ ರಗಳೆ. ಮಂದಾನಿಲ ರಗಳೆಯಲ್ಲಿ ನಾಲ್ಕು ಮಾತ್ರೆಯ ನಾಲ್ಕು ಗಣ ಸಾಲಿಗೆ. ಶಾಲೆಯ ಪುಸ್ತಕದಲ್ಲಿ ಅದನ್ನು ಪ್ರಸ್ತಾರ ಹಾಕಿ ಕಲಿತ ಹುಡುಗಿ ಇವಳು, ಆದ್ದರಿಂದ ಗ್ರಂಥಭಾಷೆಯೂ ಇಲ್ಲಿ ಒಪ್ಪುತ್ತದೆ:

ಓಡಿದೆ ಓಡಿದೆ ಗದ್ದೆಯ ಬದುವಲಿ
ಕಾಲುವೆ ದಂಡೆಯ ಮಂದಿಯ ಗುಂಪಲಿ
ಅವ್ವನ ದನಿ

ಮೂರನೆಯ ಸಾಲಿಗೆ ಬರುವಾಗ ಒಂದೂವರೆ ಗಣಕ್ಕೇ ಉಸಿರು ಕಡಿಯುತ್ತದೆ. ಲೆಕ್ಕ ಗೊತ್ತಿಲ್ಲದ ಓದುಗನ ಕಿವಿಗೂ ಆ ಎಡವು ತಾಗುತ್ತದೆ. ಉಳಿದಂತೆ ಹುಡುಗಿಯ ದಿನದ ಮಾತಿಗೆ ಮುಕ್ತಛಂದವೇ ಸರಿ. ಅವಳಿಗೆ ಇನ್ನೂ ಹಾಡು ಸಿಕ್ಕಿಲ್ಲವಲ್ಲ.

ಕಥೆಯ ನಡುವೆ ಮಗು ನಗಬೇಕು, ಆಡಬೇಕು. ಮಗುವಿನ ದುಃಖ ಮಳೆಗಾಲದ ಓಣಿಯ ನೀರುಗುಂಡಿಯಂತೆ. ಇದರಲ್ಲಿ ಕಾಲಿಟ್ಟು ಒದ್ದೆಯಾಗುತ್ತದೆ, ಮರುಗಳಿಗೆ ಜಿಗಿದು ಆಚೆ ನಿಂತು ಗೋಲಿ ಆಡುತ್ತದೆ. ನೋಡಿದವರು ‘ಇದಕ್ಕ ಏನೂ ಅನಸವಲ್ದು’ ಎನ್ನುತ್ತಾರೆ. ಬಿಡಿ ಪದ್ಯಗಳ ರೂಪ ಈ ಜಿಗಿತಕ್ಕೆ ಹೇಳಿ ಮಾಡಿಸಿದಂತಿದೆ: ಒಂದು ಪುಟದಲ್ಲಿ ಸ್ಮಶಾನ, ಮುಂದಿನ ಪುಟದಲ್ಲಿ ಮಂಡಕ್ಕಿ ಒಗ್ಗರಣಿಗೆ ಮಿರ್ಚಿ ಎರಡೋ ಮೂರೋ ಎಂಬ ಜಗಳ. ನಡುವೆ ಸೇತುವೆಯ ಮಾತು ಕಟ್ಟಬೇಡಿ. ಗದ್ಯ ಕಾದಂಬರಿ ಈ ಜಿಗಿತಕ್ಕೆ ಕಾರಣ ಕೇಳುತ್ತದೆ, ಪದ್ಯ ಕಾದಂಬರಿ ಕೇಳುವುದಿಲ್ಲ. ಈ ವಸ್ತುವಿಗೆ ಈ ರೂಪವನ್ನೇ ನಾನು ಹಟ ಹಿಡಿದು ಆರಿಸಿದ್ದು ಇದೊಂದಕ್ಕಾಗಿ.

ಊರಿನ ಮಾತು

ಕೊಪ್ಪಳದ ಕಡೆ ‘ಐತಿ’, ರಾಯಚೂರಿನ ಕಡೆ ‘ಅದ’ ಹೆಚ್ಚು ಕೇಳಿಸುತ್ತದೆ, ಬಳ್ಳಾರಿಗೆ ಹೋದರೆ ‘ಐತೆ’ಯ ಜೊತೆ ತೆಲುಗು ಬೆರೆಯುತ್ತದೆ. ಒಂದು ಊರು ಹಿಡಿದು ಅಲ್ಲೇ ನಿಲ್ಲಿ. ನಿರೂಪಣೆಯೆಲ್ಲ ಆಡುಮಾತಿನಲ್ಲಿರಬೇಕೆಂದಿಲ್ಲ, ಆದರೆ ಸತ್ತವರ ಬಗ್ಗೆ ಮನೆಯವರು ಆಡುವ ಮಾತು ಅವರ ಬಾಯಲ್ಲಿ ಇದ್ದಂತೆಯೇ ಬರಲಿ. ‘ಸತ್ತ’ ಎಂಬ ಶಬ್ದಕ್ಕೆ ಹೆದರಬೇಡಿ. ತೀರಿಕೊಂಡ, ಶಿವನ ಪಾದ ಸೇರಿದ ಎನ್ನುವವರು ಎನ್ನಲಿ. ಹುಡುಗಿ ಮೊದಲ ಸಲ ‘ಸತ್ತ’ ಎಂದು ಬಾಯಿಬಿಟ್ಟು ಹೇಳುವ ಪದ್ಯ ಎಲ್ಲಿ ಬರಬೇಕೆಂದು ಮೊದಲೇ ಯೋಚಿಸಿ ಇಡಿ. ನನ್ನಲ್ಲಿ ಅದು ನಲವತ್ತೊಂದನೆಯದು.

ಪದ್ಯಗಳನ್ನು ನೆಲದ ಮೇಲೆ ಹರಡಿ

ನನ್ನಲ್ಲಿ ಎಪ್ಪತ್ತೆರಡು ಪದ್ಯಗಳಾದವು. ಹಾಳೆಗಳನ್ನು ಪಡಸಾಲೆಯಲ್ಲಿ ಹರಡಿ ಜೋಡಿಸಿದೆ. ದಿನಾಂಕದ ಕ್ರಮ ಸಪ್ಪೆ ಅನ್ನಿಸಿತು. ಕೊನೆಗೆ ತುಂಗಭದ್ರಾ ಎಡದಂಡೆ ಕಾಲುವೆಯ ಕ್ರಮ ಹಿಡಿದೆ: ನೀರು ಬಿಡುವ ಮೊದಲು, ನೀರು ಬಿಟ್ಟಾಗ, ನೀರು ನಿಂತಾಗ. ಭತ್ತದ ನಾಟಿ, ಕೊಯ್ಲು, ಗಿರಣಿಯ ಸದ್ದು ಎಲ್ಲವೂ ಆ ನೀರಿನ ಹಿಂದೆಯೇ ಬರುತ್ತವೆ. ನಿಮ್ಮದು ಸಂಡೂರಾದರೆ ಅದಿರಿನ ಕೆಂಪು ಧೂಳಿನ ಕ್ರಮ, ಹಟ್ಟಿಯಾದರೆ ಗಣಿಯ ಪಾಳಿಯ ಕ್ರಮ ಇರಬಹುದು.

ಊರಿನ ದೊಡ್ಡ ಘಟನೆಯೊಂದು ಮಗುವಿನ ಒಳಗಿನ ಘಟನೆಗೆ ಅಡ್ಡ ಬಂದರೆ ಕಥೆಗೆ ಬಲ. 2024ರ ಆಗಸ್ಟ್ 10ರ ರಾತ್ರಿ ತುಂಗಭದ್ರಾ ಅಣೆಕಟ್ಟಿನ 19ನೇ ಕ್ರಸ್ಟ್ ಗೇಟಿನ ಚೈನ್ ತುಂಡಾಗಿ ಗೇಟು ಕೊಚ್ಚಿಹೋಯಿತು. ತುಂಬಿ ನಿಂತಿದ್ದ ನೀರು ಹೊಳೆಗೆ ಹರಿಯಿತು. ತಾತ್ಕಾಲಿಕ ಗೇಟು ಇಳಿಸಿ ತಡೆಯುವವರೆಗೆ, ಸುಮಾರು ಒಂದು ವಾರ, ಇಡೀ ಸೀಮೆ ಉಸಿರು ಹಿಡಿದಿತ್ತು. ನಾಟಿ ಮಾಡಿದವರಿಗೆಲ್ಲ ನೀರು ಹೋಯಿತಲ್ಲ ಎಂಬ ಸಂಕಟ. ನನ್ನ ಹುಡುಗಿಗೆ ಒಬ್ಬಳಿಗೇ, ಹೋಗಲಿ, ಪೂರ್ತಿ ಹೋಗಲಿ ಎಂಬ ಆಸೆ. ಆ ಆಸೆಗೆ ಅವಳೇ ಹೆದರುತ್ತಾಳೆ.

ಜಾಗವೂ ಹಾಗೆಯೇ ದುಡಿಯಬೇಕು. ಗಂಗಾವತಿ ತಾಲೂಕಿನ ಹಿರೇಬೆಣಕಲ್ ಗುಡ್ಡದ ಮೇಲೆ ಎರಡು ಸಾವಿರ ವರ್ಷಕ್ಕೂ ಹಳೆಯ ಕಲ್ಲಿನ ಸಮಾಧಿ ಮನೆಗಳಿವೆ. ಚಪ್ಪಡಿಗಳನ್ನು ನಿಲ್ಲಿಸಿ, ಮೇಲೊಂದು ಚಪ್ಪಡಿ ಹೊದಿಸಿ, ಕೆಲವಕ್ಕೆ ಎದುರಿನ ಕಲ್ಲಿನಲ್ಲಿ ದುಂಡನೆಯ ಕಂಡಿ ಕೊರೆದಿದ್ದಾರೆ. 2021ರಲ್ಲಿ ಯುನೆಸ್ಕೋದ ತಾತ್ಕಾಲಿಕ ಪಟ್ಟಿಗೂ ಸೇರಿದೆ. ಊರವರು ಅವನ್ನು ಕುಳ್ಳ ಮೋರ್ಯರ ಮನೆಗಳೆನ್ನುತ್ತಾರೆ. ಶಾಲೆಯ ಪ್ರವಾಸದಲ್ಲಿ ನನ್ನ ಹುಡುಗಿ ಆ ಕಂಡಿಗೆ ಮುಖವಿಟ್ಟು ಒಳಗೆ ನೋಡುತ್ತಾಳೆ. ಸಾವು ತನ್ನ ಮನೆಗೆ ಮಾತ್ರ ಬಂದದ್ದಲ್ಲ ಎಂದು ಯಾವ ದೊಡ್ಡವರೂ ಅವಳಿಗೆ ಬುದ್ಧಿ ಹೇಳಬೇಕಾಗಲಿಲ್ಲ.

ಕೊನೆಯ ಪದ್ಯದಲ್ಲಿ ದುಃಖ ಮುಗಿಸಬೇಡಿ. ತಮ್ಮ ನಕ್ಷತ್ರವಾಗುವುದು, ಕನಸಿನಲ್ಲಿ ಬಂದು ‘ಅಳಬ್ಯಾಡಕ್ಕ’ ಎನ್ನುವುದು ಬೇಡ. ಅವನು ಇಲ್ಲದೆಯೂ ಅವನ ಜೊತೆ ಬದುಕುವ ಒಂದು ಸಣ್ಣ ರೂಢಿ ಅವಳಿಗೆ ಸಿಗಲಿ. ಇವಳು ಪ್ರತಿ ಸಲ ಮಿರ್ಚಿ ಕೊಂಡಾಗ ಒಂದನ್ನು ಮುರಿದು ಅರ್ಧ ಪಕ್ಕಕ್ಕಿಡುತ್ತಾಳೆ. ಆಮೇಲೆ ಅದನ್ನೂ ತಾನೇ ತಿನ್ನುತ್ತಾಳೆ.

ಮಕ್ಕಳಿಗೆ ಓದಿ ತೋರಿಸುವಾಗ

ಈ ಸೀಮೆಯಲ್ಲಿ ಪದ್ಯದ ಕಥೆ ಕಿವಿಯ ವಸ್ತು. ಸಂಡೂರು ತಾಲೂಕಿನ ದರೋಜಿಯ ಬುರ್ರಕಥಾ ಈರಮ್ಮ, 2014ರಲ್ಲಿ ತೀರಿಕೊಂಡವರು, ಓದು ಬರಹ ಬಾರದೆಯೂ ರಾತ್ರಿಗಟ್ಟಲೆ ಕಥೆ ಹಾಡುತ್ತಿದ್ದರು. ನಿಮ್ಮ ಪದ್ಯವನ್ನೂ ಜೋರಾಗಿ ಓದಿ. ನಾಲಿಗೆ ತಡವರಿಸಿದ ಕಡೆ ಗುರುತು ಹಾಕಿ ತಿದ್ದಿ.

ಆದರೆ ಮನೆಯಲ್ಲಿ ಇತ್ತೀಚೆಗೆ ಸಾವಾದ ಮಗುವನ್ನು ಎದುರಿಗೆ ಕೂರಿಸಿಕೊಂಡು ‘ಹೇಗಿದೆ’ ಎಂದು ಕೇಳಬೇಡಿ. ಶಾಲೆಯಲ್ಲಿ ಓದುವುದಾದರೆ ಯಾವ ಮಗುವಿನ ಮನೆಯಲ್ಲಿ ಏನಾಗಿದೆ ಎಂದು ಶಿಕ್ಷಕರಿಂದ ಮೊದಲೇ ತಿಳಿದುಕೊಳ್ಳಿ. ಎದ್ದು ಹೋಗಬೇಕೆನಿಸಿದವರು ಹೋಗಬಹುದು ಎಂದು ಶುರುವಿನಲ್ಲೇ ಹೇಳಿ, ಹೋದವರ ಹಿಂದೆ ಅವರಿಗೆ ಬೇಕಾದ ಒಬ್ಬ ದೊಡ್ಡವರು ಹೋಗುವಂತೆ ಏರ್ಪಾಟು ಮಾಡಿ. ಓದಿನ ನಂತರ ಒಂದು ಮಗು ಬಂದು ಏನಾದರೂ ಹೇಳಿಕೊಂಡರೆ ಉಪದೇಶ ಬೇಡ. ಸತ್ತವರ ಹೆಸರು ಕೇಳಿ, ಅವರ ಬಗ್ಗೆ ಒಂದು ಸಂಗತಿ ಹೇಳೆನ್ನಿ. ಊಟ ನಿದ್ದೆ ಬಿಟ್ಟ, ಸಾಯುವ ಮಾತಾಡುವ ಮಗುವಾದರೆ ಕಾಯಬೇಡಿ. ಮಕ್ಕಳ ಸಹಾಯವಾಣಿ 1098, ಮನಸ್ಸಿನ ಆರೋಗ್ಯಕ್ಕೆ ಟೆಲಿ ಮಾನಸ್ 14416, ಎರಡೂ ಉಚಿತ, ಕನ್ನಡದಲ್ಲಿ ಮಾತಾಡಬಹುದು. ಪುಸ್ತಕದ ಕೊನೆಯ ಪುಟದಲ್ಲಿ ಈ ಎರಡು ಸಂಖ್ಯೆಗಳು ಇರಲೇಬೇಕು.

ಅಚ್ಚಿಗೆ ಕೊಡುವ ಮೊದಲು

ಪುಟದಲ್ಲಿ ಖಾಲಿ ಜಾಗ ಉಳಿಸಲು ಮುದ್ರಕರಿಗೆ ಬಿಡಿಸಿ ಹೇಳಿ, ಇಲ್ಲದಿದ್ದರೆ ಕಾಗದ ಉಳಿಸಲು ಎರಡೆರಡು ಪದ್ಯ ಒತ್ತೊತ್ತಾಗಿ ಕೂರಿಸಿಬಿಡುತ್ತಾರೆ. ನೀವೇ ಪ್ರಕಟಿಸುವುದಾದರೆ ಐಎಸ್‌ಬಿಎನ್ ಸಂಖ್ಯೆಗೆ ನಮ್ಮ ದೇಶದಲ್ಲಿ ದುಡ್ಡು ಕೊಡಬೇಕಿಲ್ಲ.

ಮತ್ತೆ, ಮನೆಯವರಿಗೆ ಓದಿ ಹೇಳಿ. ಇದನ್ನು ನಾನು ಕೊನೆಯವರೆಗೂ ಮುಂದೂಡಿದೆ, ನೀವು ಹಾಗೆ ಮಾಡಬೇಡಿ. ಅವ್ವನಿಗೆ ಈಗ ಕಣ್ಣು ಮಂದ. ಒಂದು ಮಧ್ಯಾಹ್ನ ಅವಳು ಕಡಲೆ ಹಸನು ಮಾಡುತ್ತಾ ಕೂತಿದ್ದಾಗ ಓದುತ್ತಾ ಹೋದೆ. ತಮ್ಮನಾಗಿದ್ದವಳು ಯಾರೆಂದು ಅವಳಿಗೆ ಎರಡನೆಯ ಪದ್ಯಕ್ಕೇ ತಿಳಿಯಿತು, ಏನೂ ಅನ್ನಲಿಲ್ಲ. ಚಪ್ಪಲಿ ಹುಡುಕುವ ಪದ್ಯ ಬಂದಾಗ ಕೈ ನಿಲ್ಲಿಸಿದಳು.

‘ಚಪ್ಪಲಿ ಎಲ್ಲೂ ಹೋಗಿರಲಿಲ್ಲಪಾ. ಆಕೀನ ಬರಿಗಾಲಾಗ ದವಾಖಾನಿಗೆ ಒಯ್ದಿದ್ವಿ. ಅವು ನಿನ್ನ ಕಾಲಾಗ ಇದ್ವು. ದೊಡ್ಡವು ಆಗ್ತಾವ ಬಿಚ್ಚೋ ಅಂದ್ರ, ಮೂರು ದಿನ ನೀ ಬಿಚ್ಚಲಿಲ್ಲ.’

ಆ ಪದ್ಯ ಹರಿದುಹಾಕಿ ಮತ್ತೆ ಬರೆದೆ.